ಉಗುರಗಲದ ಯುದ್ಧದಲ್ಲಿ ಬೀರಪ್ಪ ಮಾಮಾ

ಮೊನ್ನೆ ಚಹಾಕ್ಕೆ ಹಾಕಲು ಒಂದು ಲವಂಗ ಬೇಕಾಗಿ ಡಬ್ಬಿಯೊಳಗೆ ಬೆರಳಾಡಿಸಿದಾಗ, ಲವಂಗದ ಬದಲು ಒಂದು ಮಹಾಯುದ್ಧ ಕೈಗೆ ಬಂತು. ಗಾಬರಿಯಾಗಬೇಡಿ. ಯುದ್ಧ ಅಂದರೆ ಉಗುರಿನಷ್ಟು ಅಗಲದ ಒಂದು ಮೆಮರಿ ಕಾರ್ಡು. ಅದರೊಳಗೆ ಎರಡು ದೇಶಗಳ ಸೈನ್ಯ, ಟ್ಯಾಂಕುಗಳು, ತೋಪುಗಳು, ಒಂದಿಷ್ಟು ಹಾಡು, ಹೀರೋನ ತಾಯಿಯ ಕಣ್ಣೀರು, ಸಾಯುವ ಮೊದಲು ತಪ್ಪದೆ ಜೇಬಿನಿಂದ ಹೆಂಡತಿಯ ಫೋಟೋ ತೆಗೆದು ನೋಡುವ ಹೀರೋನ ಗೆಳೆಯ, ಎಲ್ಲ ಇದ್ದಾರೆ. ಇಷ್ಟು ಜನ ಒಂದೇ ಉಗುರಿನೊಳಗೆ ಹೇಗೆ ಹಿಡಿದರು ಎಂದು ಕೇಳಬೇಡಿ, ಕೇಳಿದರೆ ಭಾಲ್ಕಿಯಿಂದ ಪುಣೆಗೆ ಹೋಗುವ ಬಸ್ಸನ್ನು ನೀವು ನೋಡಿಲ್ಲ ಅಂತಾಯಿತು. ಕಾರ್ಡಿಗೆ ಈಗ ಲವಂಗದ ವಾಸನೆ ಹತ್ತಿದೆ. ಯುದ್ಧಕ್ಕೆ ಇಷ್ಟು ಒಳ್ಳೆಯ ವಾಸನೆ ಇರುವುದನ್ನು ನಾನಂತೂ ಬೇರೆಲ್ಲೂ ಕೇಳಿಲ್ಲ.

ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಸುಮ್ಮನೆ ಕೂಡುವವರಲ್ಲ, ಹುಡುಕಿ ನೋಡುತ್ತೀರಿ. ನೋಡಿದರೆ ಒಂದು ಹಳೆಯ ಜಗಳ ಇತ್ಯರ್ಥವಾಗಿಬಿಡುತ್ತದೆ. ಅದು ಇತ್ಯರ್ಥವಾಗಬಾರದು ಎಂದೇ ಆ ಕಾರ್ಡು ನನ್ನ ಲವಂಗದ ಡಬ್ಬಿಯಲ್ಲಿದೆ. ಯಾಕೆ ಎಂದು ಹೇಳುತ್ತೇನೆ. ಆದರೆ ನನ್ನದು ನೇರ ದಾರಿಯಲ್ಲ. ಬೀದರಿನಿಂದ ಔರಾದಿಗೆ ಹೋಗುವ ಕೆಂಪು ಬಸ್ಸಿನ ಹಾಗೆ ಕೈ ಮಾಡಿದಲ್ಲೆಲ್ಲ ನಿಂತು ಹೋಗುವ ಅಭ್ಯಾಸ. ಅವಸರ ಇದ್ದವರು ಇಲ್ಲೇ ಇಳಿದುಬಿಡಬಹುದು.

ಮೊದಲು ನನ್ನ ಯೋಗ್ಯತೆಯ ಬಗ್ಗೆ ಎರಡು ಮಾತು. ನಾನು ಬೀದರಿನಲ್ಲಿ ಟೆಲಿಫೋನ್ ಆಫೀಸಿನಲ್ಲಿದ್ದವಳು, ಮನೆ ಚಿದ್ರಿಯಲ್ಲಿ. ಫೋನು ಸತ್ತಿದೆ ಎಂದು ಹೇಳಲು ಬಂದವರ ದೂರು ಬರೆದುಕೊಳ್ಳುವುದು ನನ್ನ ಕೆಲಸ. ಶುರುವಿನಲ್ಲಿ ಕಿಟಕಿಯ ಮುಂದೆ ಸಾಲು ಇರುತ್ತಿತ್ತು. ಆಮೇಲೆ ಎಲ್ಲರ ಕಿಸೆಗೂ ಮೊಬೈಲ್ ಬಂತು, ಮನೆಯ ಫೋನು ಸತ್ತದ್ದು ಸ್ವತಃ ಮನೆಯವರಿಗೇ ಗೊತ್ತಾಗದೆ ಹೋಯಿತು. ಕೊನೆಕೊನೆಗೆ ಯಾರಾದರೂ ಬಂದು ಬಾಯಿತುಂಬ ಬೈದರೆ ಅವರನ್ನು ಕೂರಿಸಿ ಚಹಾ ಕೊಡುವ ಪರಿಸ್ಥಿತಿ ನಮ್ಮದು. ಆದರೆ ನಮ್ಮ ಬಳಗಕ್ಕೆ ಇದೆಲ್ಲ ಬೇಕಿಲ್ಲ. ಟೆಲಿಫೋನ್ ಆಫೀಸಿನವಳು ಅಂದಮೇಲೆ ಮೊಬೈಲು, ಟಿವಿ, ಕಂಪ್ಯೂಟರು, ಕೊನೆಗೆ ಮಿಕ್ಸರ್ ಕೆಟ್ಟರೂ ಶಾಂತವ್ವನನ್ನೇ ಕೇಳಬೇಕು. ರಿಮೋಟಿಗೆ ಸೆಲ್ಲು ಯಾವ ಕಡೆ ಮುಖ ಮಾಡಿ ಹಾಕಬೇಕು ಎನ್ನುವುದು ಶಾಂತವ್ವನಿಗೆ ಇವತ್ತಿಗೂ ಗೊತ್ತಿಲ್ಲ ಎಂಬ ಗುಟ್ಟನ್ನು ನಾನು ಇಷ್ಟು ವರ್ಷ ಬಹಳ ಗಂಭೀರವಾದ ಮುಖ ಮಾಡಿಕೊಂಡು ಕಾಪಾಡಿದ್ದೇನೆ.

ಬೀರಪ್ಪ ಮಾಮಾ ನನ್ನ ಅವ್ವನ ತಮ್ಮ. ಭಾತಂಬ್ರಾದಲ್ಲಿ ಮನೆ, ಕುರಿ ಕಾಯುವ ಕಸುಬು. ಅವನ ಜೀವನದಲ್ಲಿ ಆದ ಒಂದೇ ಒಂದು ದೊಡ್ಡ ಸಂಗತಿ ಎಂದರೆ ಅವನು ಸತ್ತದ್ದು. ಅದನ್ನು ಅವನು ಲಗ್ನದಲ್ಲಿ, ನಾಮಕರಣದಲ್ಲಿ, ಸಂತೆಯಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದ.

ಆ ದೊಡ್ಡ ಬರದ ಕಾಲಕ್ಕೆ ಮಾಮಾನಿಗೆ ಮೀಸೆ ಆಗತಾನೇ ಮೂಡುತ್ತಿತ್ತಂತೆ. ಅವನು ಮತ್ತು ಅವನ ಜೊತೆಗಾರ ಮಲ್ಲಪ್ಪ ಇಬ್ಬರೂ ತಮ್ಮ ಹಿಂಡುಗಳನ್ನು ಹೊಡೆದುಕೊಂಡು ಹುಲ್ಲು ಹುಡುಕುತ್ತ ಔರಾದಿನ ಕಡೆಗೆ ಹೋದರು. ಅಲ್ಲಿ ಹುಲ್ಲು ಇರಲಿಲ್ಲ, ಸಿನಿಮಾದವರು ಇದ್ದರು. ದೂರದ ಮುಂಬಯಿಯಿಂದ ಯುದ್ಧಭೂಮಿ ಹುಡುಕುತ್ತ ಬಂದವರು ನಮ್ಮ ಔರಾದನ್ನು ಕಂಡು ಕುಣಿದಾಡಿದರಂತೆ. ಯಾಕೆ ಕುಣಿಯಬಾರದು? ಹಸಿರಿನ ಒಂದು ಎಸಳಿಲ್ಲ, ಎಲೆ ಉದುರಿದ ಜಾಲಿಗಳು, ಬಾಯಿ ಬಿಟ್ಟ ನೆಲ, ಕಣ್ಣು ತುಂಬ ಧೂಳು. ಲಕ್ಷಗಟ್ಟಲೆ ಸುರಿದರೂ ಇಂಥ ಸೆಟ್ ಹಾಕಲು ಬರುವುದಿಲ್ಲ, ಬರಗಾಲವೇ ಪುಕ್ಕಟೆ ಹಾಕಿಕೊಟ್ಟಿತ್ತು. ಮೇಲಾಗಿ ಬರಗಾಲದ ಕಾಮಗಾರಿಯಲ್ಲಿ ಜನ ಅಗೆದಿದ್ದ ಉದ್ದುದ್ದ ಗುಂಡಿಗಳು ತಯಾರಿದ್ದವು. ಅವುಗಳಲ್ಲಿ ನೀರು ನಿಲ್ಲಬೇಕಾಗಿತ್ತು. ನೀರು ಬಾರದ ಕಾರಣ ಸೈನಿಕರು ನಿಂತರು.

ಸೈನಿಕರೂ ಅಲ್ಲೇ ಸಿಕ್ಕರು. ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದವರಿಗೇ ಖಾಕಿ ತೊಡಿಸಿದರು. ಮುಂಜಾನೆ ಈ ದೇಶದ ಟೋಪಿ, ಊಟದ ನಂತರ ಆ ದೇಶದ ಟೋಪಿ. ಹೀಗಾಗಿ ಅದೇ ಜನ ಬೆಳಿಗ್ಗೆ ತಾವೇ ಹೊಡೆದ ಗುಂಡಿಗೆ ಮಧ್ಯಾಹ್ನ ತಾವೇ ಬಿದ್ದು ಸಾಯುತ್ತಿದ್ದರು. ಯಾರಿಗೂ ಬೇಸರವಿರಲಿಲ್ಲ, ಯಾಕೆಂದರೆ ಊಟಕ್ಕೆ ಪೂರಿ ಮತ್ತು ಬಟಾಟೆ ಭಾಜಿ ಕೊಡುತ್ತಿದ್ದರು. ಮನೆಯಲ್ಲಿ ರೇಷನ್ನಿನ ಕೆಂಪು ಜೋಳದ ರೊಟ್ಟಿ ಗಂಟಲಿಗಿಳಿಯದ ಆ ದಿನಗಳಲ್ಲಿ ಪೂರಿಗಾಗಿ ದೇಶಕ್ಕೆ ಪ್ರಾಣ ಕೊಡಲು ನೂಕುನುಗ್ಗಲು. ದೇಶ ಯಾವುದು ಎಂದು ವಿಚಾರಿಸಿದವರು ಯಾರೂ ಇಲ್ಲ.

ಇಬ್ಬರಲ್ಲಿ ಒಬ್ಬರು ಹಿಂಡು ಕಾಯಬೇಕಾಗಿತ್ತು. ಮಾಮಾ ಸಾಯಲು ಹೋದ, ಮಲ್ಲಪ್ಪ ಕುರಿಗಳ ಜೊತೆ ಉಳಿದ. ಜಗಳದ ಬೀಜ ಬಿದ್ದದ್ದು ಅಲ್ಲಿ.

ಇಲ್ಲಿ ಮಾಮಾ ಮಾಡಿದ ಒಂದು ತಪ್ಪನ್ನು ಹೇಳಬೇಕು. ಅದನ್ನು ಕುರಿಗಾರನಲ್ಲದೆ ಬೇರೆ ಯಾರೂ ಮಾಡುವಂತಿಲ್ಲ. ನಮ್ಮ ಕುರಿಗಾರರು ಬಿಸಿಲೇರಿದಾಗ ಹಿಂಡು ತರುಬಿ ನೆರಳಲ್ಲಿ ಅಡ್ಡಾಗುತ್ತಾರಲ್ಲ, ಆಗ ಮುಂದಾಳು ಟಗರಿನ ಹಗ್ಗದ ತುದಿಯನ್ನು ಬಲಗಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡಿರುತ್ತಾರೆ. ಟಗರು ಎದ್ದರೆ ಹಿಂಡು ಏಳುತ್ತದೆ, ಹಗ್ಗ ಜಗ್ಗಿದರೆ ಕುರಿಗಾರ ಏಳುತ್ತಾನೆ. ಹುಡುಗತನದಿಂದ ಹೀಗೆ ಜಗ್ಗಿಸಿಕೊಂಡು ಮಾಮಾನ ಬಲಗಾಲಿನ ಹೆಬ್ಬೆರಳು ಊರಿನ ಮೇಲೆ ಮುನಿಸಿಕೊಂಡ ಹಾಗೆ ಹೊರಗೆ ತಿರುಗಿ ನಿಂತಿದೆ. ಸಿನಿಮಾದವರು ಕೂಗಿ, "ಮಲಗ್ರಿ, ಸಾಯ್ರಿ, ಸೀಟಿ ಹೊಡಿಯೂತನಕ ಏಳಬ್ಯಾಡ್ರಿ" ಅಂದರು. ಎಲ್ಲರೂ ಬಿದ್ದಲ್ಲಿ ಸತ್ತರು. ಮಾಮಾ ಮಾತ್ರ ಸಾಯುವ ಮೊದಲು ಕೂತು, ಸಾವಕಾಶ ಬಲಗಾಲಿನ ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಆಮೇಲೆ ಸತ್ತ.

"ಯಾಕ ಬಿಚ್ಚಿದಿ ಮಾಮಾ?" ಎಂದು ನಾನು ಸಣ್ಣವಳಿದ್ದಾಗ ಕೇಳಿದ್ದೆ.

"ಬೂಟ ಹಾಕ್ಕೊಂಡ ಮಲಗಿದ್ರ ಕಾಲು ಕಿವುಡ ಆಗ್ತದವ್ವ," ಅಂದಿದ್ದ.

ಹೊಟ್ಟೆ ತುಂಬ ಪೂರಿ, ಮೇಲೆ ಸಂಜೆಯ ಗಾಳಿ. ಮಾಮಾನಿಗೆ ನಿಜವಾಗಿ ನಿದ್ದೆ ಹತ್ತಿತು. ಸೀಟಿ ಹೊಡೆದು ಉಳಿದ ಹೆಣಗಳೆಲ್ಲ ಎದ್ದು ಚಹಾಕ್ಕೆ ಹೋದರೂ ಇವನು ಏಳಲಿಲ್ಲ. ಕತ್ತಲಾಗುವ ಹೊತ್ತಿಗೆ ಹಿಂಡಿನ ಹತ್ತಿರ ಬಂದಾಗ, ಖಾಕಿ ಕಿಸೆಯಲ್ಲಿ ಅಡಗಿಸಿ ತಂದ ಎರಡು ಪೂರಿಗಳನ್ನು ಮಲ್ಲಪ್ಪನಿಗೆ ಕೊಟ್ಟ. ಪೂರಿಯ ಮಾತನ್ನು ಮಲ್ಲಪ್ಪ ಎಂದೂ ಅಲ್ಲಗಳೆದಿಲ್ಲ. "ಪೂರಿ ಖರೆ," ಎನ್ನುತ್ತಿದ್ದ. "ಆದ್ರ ಅವು ಯಾವನೋ ಸಾವಕಾರನ ಮನಿ ಲಗ್ನದ ಪೂರಿ. ಇಂವ ಹೋಗಿ ಪಂಗತಿನಾಗ ಕುಂತು ಉಂಡ ಬಂದಾನ. ಪಿಚ್ಚರ್ ಅಂತ, ಪಿಚ್ಚರ್!"

ನನ್ನ ಪಾಲಿಗೆ ಕಥೆ ಶುರುವಾಗುವುದು ಆ ಸಿನಿಮಾ ಭಾಲ್ಕಿಗೆ ಬಂದ ದಿನ. ಊರಿಗೆ ಊರೇ ಹೊರಟಿತು. ನಾನು ಅವ್ವನ ತೊಡೆಯ ಮೇಲೆ ಕೂತು, ಫ್ರಾಕಿನ ಕಿಸೆಯಲ್ಲಿದ್ದ ಪುಟಾಣಿ ಕಡಲೆಯನ್ನು ಒಂದೊಂದೇ ತಿನ್ನುತ್ತ, ಮಾಮಾ ಸಾಯುವುದನ್ನು ಕಾಯುತ್ತಿದ್ದೆ. ಆದರೆ ಭಾಲ್ಕಿಯ ಟಾಕೀಸಿಗೆ ಅದರದೇ ಒಂದು ಕಾನೂನಿತ್ತು. ಹಳ್ಳಿಗಳ ಕಡೆಯ ಬಸ್ಸು ಬಿಡುವುದರೊಳಗೆ ಪಿಚ್ಚರ್ ಮುಗಿಯಬೇಕು. ಬಸ್ಸು ತಪ್ಪಿದರೆ ಜನ ಟಾಕೀಸಿನಲ್ಲೇ ಮಲಗುತ್ತಾರೆ, ಮರುದಿನ ಕಸ ಹೊಡೆಯಲು ಬಿಡುವುದಿಲ್ಲ. ಅದಕ್ಕೆ ಸಿನಿಮಾ ಉದ್ದವಾಗಿದ್ದರೆ ಆಪರೇಟರ್ ಕೊನೆಯ ರೀಲುಗಳಲ್ಲಿ ತನಗೆ ತಿಳಿದದ್ದನ್ನು ಹಾರಿಸಿಬಿಡುತ್ತಿದ್ದ. ಹೀರೋ ಬಂದೂಕು ಎತ್ತಿದ. ಮರುಕ್ಷಣ ಬೆಟ್ಟದ ಮೇಲೆ ಬಾವುಟ ಹಾರಾಡುತ್ತಿತ್ತು. ನಡುವೆ ಏನಾಯಿತು, ಯಾರು ಸತ್ತರು, ಒಂದೂ ಇಲ್ಲ. ಯುದ್ಧ ಎಷ್ಟೇ ಘೋರವಾಗಿರಲಿ, ಭಾತಂಬ್ರಾ ಬಸ್ಸು ಬಿಡುವುದರೊಳಗೆ ಗೆದ್ದಾಗಿತ್ತು. ಸಿನಿಮಾವನ್ನು ಹಿಂಡಿ ಸಣ್ಣದು ಮಾಡುವ ಈ ವಿದ್ಯೆ ಕಂಪ್ಯೂಟರಿನವರು ಕಂಡುಹಿಡಿದದ್ದು ಎಂದು ಈಗಿನವರು ತಿಳಿದಿದ್ದಾರೆ. ಪಾಪ, ಅವರಿಗೆ ಭಾಲ್ಕಿ ಗೊತ್ತಿಲ್ಲ.

ತಿರುಗಿ ಬರುವಾಗ ಬಸ್ಸಿನ ನೆತ್ತಿಯ ಮೇಲಿಂದ ಮಲ್ಲಪ್ಪನ ದನಿ ದಾರಿಯುದ್ದಕ್ಕೂ ಕೇಳುತ್ತಿತ್ತು. "ಏ ಬೀರ್ಯಾ, ಎಲ್ಲಿ ಸತ್ತಿಯೋ? ಇಂಟ್ರೋಲ್ಲಿನಾಗ ನಾವು ಚುರುಮುರಿ ತಿನ್ಲಿಕ್ಕ ಹೋದಾಗ ಸತ್ತಿಯೇನು?" ಬಸ್ಸು ನಗುತ್ತಿತ್ತು. ಮಾಮಾ ಕಿಟಕಿಯ ಹೊರಗೆ ಕತ್ತಲನ್ನು ನೋಡುತ್ತ ಕೂತಿದ್ದ. ಅವತ್ತಿನಿಂದ ಊರಲ್ಲಿ ಅವನ ಹೆಸರು ಹೀರೋ ಎಂದಾಯಿತು. ಮಲ್ಲಪ್ಪ ಕುರಿಗಳಿಗೂ ಇದನ್ನು ಕಲಿಸುತ್ತಿದ್ದನೋ ಏನೋ, ಅವಕ್ಕೆ ಮಾತು ಬಂದಿದ್ದರೆ.

ಮುಂದೆ ಊರಿಗೆ ಟಿವಿ ಬಂತು. ಒಂದು ಭಾನುವಾರ ಸಂಜೆ ಅದೇ ಸಿನಿಮಾ ಹಾಕಿದರು. ಪಂಚಾಯ್ತಿ ಕಟ್ಟೆಯ ಮೇಲೆ ಟಿವಿ, ಕೆಳಗೆ ಊರು. ಹಾಡುಗಳು ಬಂದವು, ಹೀರೋನ ತಾಯಿ ಅತ್ತಳು, ಸೈನ್ಯ ಗಡಿಗೆ ಹೊರಟಿತು, ಕರೆಂಟು ಹೋಯಿತು. ಮತ್ತೆ ಬಂದದ್ದು ಸಮಾಚಾರದ ಹೊತ್ತಿಗೆ. ಗಡಿ ಕಾಯುವ ಕೆಲಸವನ್ನು ನಮ್ಮ ಕರೆಂಟಿನವರಿಗೆ ವಹಿಸಿದ್ದರೆ ಶತ್ರುಗಳು ಒಳಗೆ ಬರಲೂ ಆಗುತ್ತಿರಲಿಲ್ಲ, ಹೊರಗೆ ಹೋಗಲೂ ಆಗುತ್ತಿರಲಿಲ್ಲ. ಮಲ್ಲಪ್ಪ ಎದ್ದು ಅಂಡಿನ ಧೂಳು ಝಾಡಿಸಿಕೊಳ್ಳುತ್ತ, "ಇಂವ ಸಾಯೂದು ಆ ದೇವರಿಗೂ ನೋಡ್ಲಿಕ್ಕ ಮನಸಿಲ್ಲ," ಎಂದು ಹೊರಟುಹೋದ.

ಆಮೇಲೊಂದು ದಿನ ಆಫೀಸಿನಲ್ಲಿ ದೂರು ಕೊಡಲು ಯಾರೂ ಬಾರದ ಮಧ್ಯಾಹ್ನ, ಪತ್ರಿಕೆಯ ಪುರವಣಿಯಲ್ಲಿ ಯಾರೋ ವಿದ್ವಾಂಸರು ಆ ಸಿನಿಮಾದ ಬಗ್ಗೆ ಬರೆದದ್ದನ್ನು ಓದಿದೆ. ಕೊನೆಯ ದೃಶ್ಯದಲ್ಲಿ ಒಂದು ಕಾಲಿಗೆ ಬೂಟಿಲ್ಲದೆ ಬಿದ್ದಿರುವ ಸೈನಿಕ ಇದ್ದಾನಂತೆ. ಆ ಬರಿಗಾಲು ಯುದ್ಧದ ವ್ಯರ್ಥತೆಗೂ, ಮನುಷ್ಯನ ಅನಾಥತೆಗೂ, ಮಣ್ಣಿನೊಂದಿಗೆ ಅವನ ಕೊನೆಯ ಸಂವಾದಕ್ಕೂ ಸಂಕೇತವಂತೆ. ನಾನು ಕೂತಲ್ಲಿಂದ ಎದ್ದು ನಿಂತೆ. ಶನಿವಾರ ಭಾತಂಬ್ರಾಕ್ಕೆ ಹೋಗಿ ಮಾಮಾನಿಗೆ ಅದನ್ನು ಓದಿ ಹೇಳಿದೆ. ಮಾಮಾ ಪೂರ್ತಿ ಕೇಳಿದ. "ಒಂದ ಬೂಟ ಬಿಚ್ಚಿದ್ದಕ್ಕ ಇಷ್ಟ ಬರದಾನ? ಎರಡೂ ಬಿಚ್ಚಿದ್ರ ಪುಸ್ತಕ ಬರೀತಿದ್ದನೇನು?" ಅಂದ. ಮಲ್ಲಪ್ಪನಿಗೂ ತೋರಿಸಿದೆವು. "ಬೂಟ ಇಲ್ಲದವರು ಈ ದುನಿಯಾದಾಗ ಬಹಳ ಮಂದಿ ಅದಾರ ತಂಗಿ," ಎಂದು ಅವನು ತನ್ನ ಬರಿಗಾಲನ್ನೇ ಮುಂದೆ ಚಾಚಿ ತೋರಿಸಿದ. ವಿದ್ವಾಂಸರ ಮಾತು ಅಲ್ಲಿಗೆ ಬಿದ್ದುಹೋಯಿತು.

ನನ್ನ ತಲೆಯಲ್ಲಿ ಬಿಳಿಕೂದಲು ಬರತೊಡಗಿದ ಕಾಲಕ್ಕೆ ಇನ್ನೊಂದು ಬರ ಬಂತು. ಹೋಯಿತು ಅನ್ನುವಷ್ಟರಲ್ಲಿ ಅದರ ಹಿಂದೆ ಮತ್ತೊಂದು. ಬೋರ್‌ವೆಲ್ಲುಗಳು ಗಾಳಿ ಉಗುಳಿದವು. ಟ್ಯಾಂಕರ್ ಬಂದರೆ ಹೆಂಗಸರ ಕೊಡಗಳೇ ಒಂದರೊಡನೊಂದು ಯುದ್ಧ ಮಾಡಿದವು. ಜನ ಹೈದರಾಬಾದಿಗೆ, ಪುಣೆಗೆ ಹೊರಟರು. ಒಂದು ಮನೆಯ ಬಾಗಿಲಿಗೆ ಬೀಗ ಬಿದ್ದರೆ ಮರುದಿನ ಪಕ್ಕದ ಮನೆಗೆ. ಆ ವರ್ಷ ಭಾಲ್ಕಿ ಬಸ್ ಸ್ಟ್ಯಾಂಡಿನ ಬಳಿ ಒಂದೇ ಒಂದು ಬೆಳೆ ಚೆನ್ನಾಗಿ ಬಂತು, ಅದು ಮೆಮರಿ ಕಾರ್ಡು ತುಂಬಿಸುವ ಅಂಗಡಿಗಳು. ಊರು ಬಿಡುವವರೆಲ್ಲ ಬಸ್ಸು ಹತ್ತುವ ಮೊದಲು ಒಂದು ಕಾರ್ಡು ತುಂಬಿಸಿಕೊಳ್ಳುತ್ತಿದ್ದರು. ಭಜನೆ, ಲಗ್ನದ ಹಾಡು, ನಾಟಕ, ಪಿಚ್ಚರ್. ಊರಿನ ಬಾವಿಗಳು ಖಾಲಿಯಾದಷ್ಟೂ ಊರವರ ಕಾರ್ಡುಗಳು ತುಂಬಿದವು.

ಅಂಥದರಲ್ಲಿ ಮಾಮಾನ ಫೋನು ಬಂತು.

"ಶಾಂತವ್ವ, ಮಲ್ಲ್ಯಾ ಐತವಾರ ಪುಣೆಕ್ಕ ಹೊಂಟಾನ. ಮಗ ಅಲ್ಲಿ ಬಿಲ್ಡಿಂಗಿನ ಕೆಲಸದಾಗ ಇದ್ದಾನಲ್ಲ, ಇವನಿಗಿ ವಾಚ್‌ಮನ್ ಕೆಲಸ ಹಚ್ಚಿಕೊಡ್ತಾನಂತ. ಕುರಿ ಎಲ್ಲಾ ಮಾರ್‍ಯಾನ. ಅಂವ ಹೋಗೂದ್ರಾಗ ಆ ಪಿಚ್ಚರ್ ಎಲ್ಲಿಂದಾದ್ರೂ ತರಸು."

"ಆತು ಮಾಮಾ, ತಿರುಗಿ ಬಂದಮ್ಯಾಲ ತೋರಸೂನು," ಅಂದೆ.

"ಹೋದವರು ಯಾರು ಬಂದಾರವ್ವ? ಓಣಿನಾಗ ನನ್ನ ಕಥಿ ಗೊತ್ತಿದ್ದವರು ಒಬ್ಬೊಬ್ಬರ ಹೊಂಟಾರ. ಮಲ್ಲ್ಯಾ ಸುಳ್ಳ ಅಂದ್ಕೋತ ಹೋದ್ರ ಅದು ಸುಳ್ಳಾಗೇ ಉಳೀತದ." ಮತ್ತೆ ಅವನೇ, "ನೀ ಟೆಲಿಫೋನ್ ಆಫೀಸಿನಾಕಿ, ನಿನಗ ಆಗಲಾರದ್ದು ಏನದ?" ಎಂದ.

ಏನೂ ಆಗಲಾರದು ಎಂದು ಹೇಳಲು ಬಾಯಿ ಬರಲಿಲ್ಲ. ಮಾಮಾನ ದನಿಯಲ್ಲಿ ಯಾವಾಗಲೂ ಇರುವ ಜಂಬ ಇರಲಿಲ್ಲ, ಅದು ನನಗೆ ಸಂಕಟ ತಂದಿತು. ರಜೆ ಹಾಕಿ ಭಾಲ್ಕಿಗೆ ಹೋದೆ.

ಬಸ್ ಸ್ಟ್ಯಾಂಡಿನ ಬಳಿ ಅಫ್ಸರ್ ಎಂಬವನ ಅಂಗಡಿ. ಅವನ ಮುಂದೆ ಗಂಟುಮೂಟೆ ಇಟ್ಟುಕೊಂಡು ನಿಂತವರ ನಡುವೆ ನುಗ್ಗಿ ಸಿನಿಮಾದ ಹೆಸರು ಹೇಳಿದೆ. ಅವನು ಕಂಪ್ಯೂಟರಿನಲ್ಲಿ ತಡಕಾಡಿ ಅಂತೂ ಹುಡುಕಿದ.

"ಅದರಿ ಮೇಡಂ. ಆದ್ರ ಬಹಳ ದೊಡ್ಡದ ಅದ. ನಿಮ್ಮ ಕಾರ್ಡಿನಾಗ ಹಿಡಿಯಂಗಿಲ್ಲ. ದಬಾಯಿಸಿ ಹಾಕ್ತೇನಿ."

"ದಬಾಯಿಸೂದು ಅಂದ್ರ? ಏನಾರ ಕತ್ತರಿಸ್ತೀರೇನು?" ಭಾಲ್ಕಿಯ ಟಾಕೀಸು ನೆನಪಾಗಿ ನಾನು ಕಾರ್ಡನ್ನು ಹಿಂದಕ್ಕೆ ಎಳೆದುಕೊಂಡೆ.

"ಕತ್ತರಿಸಂಗಿಲ್ರಿ. ಪೂರಾ ಪಿಚ್ಚರ್ ಇರ್ತದ. ಖಾಲಿ ಸಣ್ಣಗ ಆಗ್ತದ, ಅಷ್ಟೇ. ಹಿಂದ ನೋಡ್ರಿ, ಇವರ ಗಂಟಿನಂಗ."

ಹಿಂದೆ ನೋಡಿದೆ. ಒಬ್ಬ ಹೆಂಗಸು ಇಡೀ ಸಂಸಾರವನ್ನು ಒಂದು ಗೋಣಿಚೀಲಕ್ಕೆ ತುರುಕಿ, ಅದರ ಮೇಲೆ ಮೊಣಕಾಲೂರಿ ಬಾಯಿ ಕಟ್ಟುತ್ತಿದ್ದಳು. ತವೆಯ ಹಿಡಿಕೆ ಹೊರಗೆ ಉಳಿದಿತ್ತು.

ಶನಿವಾರ ಮಧ್ಯಾಹ್ನ, ಕರೆಂಟು ಇರುವ ಹೊತ್ತು ನೋಡಿ ಮಾಮಾನ ಮನೆಯ ಪಡಸಾಲೆಯಲ್ಲಿ ಸಿನಿಮಾ ಶುರುವಾಯಿತು. ಮಾಮಾನ ಸೊಸೆಯೇ ಕಾರ್ಡನ್ನು ಯಾವುದೋ ಸಾಧನಕ್ಕೆ ಸಿಕ್ಕಿಸಿ ಟಿವಿಗೆ ಹಚ್ಚಿದಳು. ನಾನು ಪಕ್ಕದಲ್ಲಿ ನಿಂತು, "ಹೂಂ, ಹಂಗೇ," ಎನ್ನುತ್ತ ಟೆಲಿಫೋನ್ ಇಲಾಖೆಯ ಮರ್ಯಾದೆ ಉಳಿಸಿದೆ. ಮಾಮಾ ಬೆಳಿಗ್ಗೆಯೇ ಸ್ನಾನ ಮಾಡಿ, ಲಗ್ನಕ್ಕೆ ಹೋಗುವಾಗ ಸುತ್ತುವ ರುಮಾಲು ಸುತ್ತಿಕೊಂಡಿದ್ದ. ಇನ್ನೂ ಊರು ಬಿಡದ ಮಂದಿ ಬಂದಿದ್ದರು. ಎಲ್ಲರಿಗಿಂತ ಮುಂದೆ, ಟಿವಿಗೆ ಮೂಗು ತಾಗುವಷ್ಟು ಹತ್ತಿರ, ಮಲ್ಲಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದ.

ಅಫ್ಸರ್ ಎಂಥ ದಬಾಯಿಸುವಿಕೆ ದಬಾಯಿಸಿದ್ದ ಎನ್ನುವುದು ಆಗ ತಿಳಿಯಿತು. ಆಕಾಶ ಚೌಕಚೌಕವಾಗಿತ್ತು, ಯಾರೋ ಅಲ್ಲಿ ಫರಸಿಕಲ್ಲು ಹಾಸಿದ್ದರು. ಹೀರೋ ನಿಂತಿದ್ದಾಗ ಮನುಷ್ಯನ ಹಾಗೆ ಕಾಣುತ್ತಿದ್ದ, ಮುಖ ತಿರುಗಿಸಿದರೆ ಮುಖ ಮುಂದೆ ಹೋಗಿ ಮೀಸೆ ಹಿಂದೆ ಉಳಿಯುತ್ತಿತ್ತು. ಹೀರೋಯಿನ್ ಮರ ಸುತ್ತಿ ಹಾಡಿದಳು. ಹಾಡು ಮುಗಿದು ಅವಳು ಮನೆಗೆ ಹೋದ ಮೇಲೂ ಅವಳ ಹಸಿರು ಸೀರೆ ಸ್ವಲ್ಪ ಹೊತ್ತು ಮರಕ್ಕೇ ಅಂಟಿಕೊಂಡಿತ್ತು. ಟ್ಯಾಂಕುಗಳು ಬೇಕರಿಯ ಬ್ರೆಡ್ಡಿನ ಹಾಗೆ ಸಾಲಾಗಿ ಬಂದವು. ಯುದ್ಧ ಶುರುವಾದ ಮೇಲಂತೂ ಓಡುವವರು ಯಾರೂ ಪೂರ್ತಿ ಕಾಣಲಿಲ್ಲ, ಪರದೆಯ ತುಂಬ ಕಂದು ಚೌಕಗಳು ಕುದಿಯುತ್ತಿದ್ದವು.

"ಇದರಾಗ ನಮ್ಮವರು ಯಾರು, ಅವರ ಮಂದಿ ಯಾರು?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಎಲ್ಲಾ ಔರಾದದವರೇ," ಎಂದ ಮಾಮಾ. ಇಷ್ಟು ಸರಿಯಾದ ಯುದ್ಧವರದಿ ನಾನು ಇನ್ನೊಂದು ಕೇಳಿಲ್ಲ.

ಜನ ನಗಾಡಿದರು. ಮಲ್ಲಪ್ಪ ಮಾತ್ರ ನಗಲಿಲ್ಲ. ಮಾಮಾನ ಕಾಲು ಅಲ್ಲಾಡತೊಡಗಿತ್ತು. ಇಷ್ಟು ವರ್ಷ ಕಾದು, ಕತ್ತರಿಸದ ಪಿಚ್ಚರ್ ತರಿಸಿ, ಕರೆಂಟಿನ ಹೊತ್ತು ಹೊಂದಿಸಿ, ಕೊನೆಗೆ ತಾನೊಂದು ಕಂದು ಚೌಕ ಎಂದಾದರೆ? ನನಗೆ ಅವನ ಕಡೆ ನೋಡಲು ಧೈರ್ಯವಾಗಲಿಲ್ಲ.

ಕೊನೆಯ ದೃಶ್ಯ ಬಂತು. ತೋಪುಗಳು ನಿಂತವು, ಓಡುವವರು ಮುಗಿದರು. ಸಂಜೆಯ ಬಯಲು. ಕ್ಯಾಮರಾ ಅಲ್ಲಾಡದೆ ನಿಂತಿತು. ಆಗ ಒಂದು ವಿಚಿತ್ರ ನಡೆಯಿತು. ಅಲ್ಲಾಡುವುದು ಯಾವುದೂ ಇಲ್ಲದ್ದರಿಂದ ಆ ಚೌಕಗಳು ಒಂದೊಂದಾಗಿ ಕರಗಿ, ಕಲಕಿದ ನೀರು ತಿಳಿಯಾದ ಹಾಗೆ ಚಿತ್ರ ತಿಳಿಯಾಗತೊಡಗಿತು. ಮೊದಲು ನೆಲದ ಬಿರುಕು ಕಂಡಿತು. ಆಮೇಲೆ ಒಂದು ಬೆಲ್ಟು, ಒಂದು ಟೋಪಿ, ಒಂದು ಕೈ. ದುಡ್ಡು ತೆಗೆದುಕೊಂಡು ಇಡೀ ಸಿನಿಮಾ ಓಡಾಡಿದ ಹೀರೋನ ಮೂಗು ಒಮ್ಮೆಯೂ ನೆಟ್ಟಗೆ ಕಾಣಲಿಲ್ಲ. ಪೂರಿ ತಿಂದು ಸುಮ್ಮನೆ ಬಿದ್ದ ನಮ್ಮವರು ಗೆರೆ ಕೊರೆದ ಹಾಗೆ ಕಂಡರು. ಎಲ್ಲರಿಗಿಂತ ಈಚೆಗೆ, ನಮ್ಮ ಕಡೆ ಪಾದ ಮಾಡಿ ಒಬ್ಬ ಮಲಗಿದ್ದ. ಮುಖದ ಮೇಲೆ ಟೋಪಿ. ಎಡಗಾಲಿಗೆ ಬೂಟಿತ್ತು. ಬಲಗಾಲು ಬರಿದಾಗಿತ್ತು. ಅದರ ಹೆಬ್ಬೆರಳು ಉಳಿದ ಬೆರಳುಗಳನ್ನು ಬಿಟ್ಟು ಹೊರಗೆ ತಿರುಗಿತ್ತು.

ಗೋಡೆಗೆ ಒರಗಿ ಕೂತಿದ್ದ ನಾಗಮ್ಮ ಅತ್ತಿ, ಮಾಮಾನ ಹೆಂಡತಿ, ಎದ್ದು ಬಂದಳು. ಮಲ್ಲಪ್ಪನನ್ನು ದಾಟಿ ಟಿವಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಆ ಹೆಬ್ಬೆರಳಿನ ಮೇಲೆ ತನ್ನ ಬೆರಳಿಟ್ಟಳು.

"ಇದು ಇವರದೇ ಕಾಲು," ಅಂದಳು. "ಲಗ್ನದಾಗ ನಾ ತಲಿ ಬಗ್ಗಿಸಿ ಕುಂತಿದ್ನಲ್ಲ, ಇವರದು ಮೊದಲ ನೋಡಿದ್ದು ಇದೇ ಬೆರಳು. ಮಾರಿ ನೋಡಿದ್ದು ಮೂರು ದಿನ ಆದ ಮ್ಯಾಲ."

ಎಲ್ಲರ ಕಣ್ಣೂ ಮಲ್ಲಪ್ಪನ ಬೆನ್ನಿನ ಮೇಲೆ. ಅವನು ಪರದೆಯನ್ನು ಬಹಳ ಹೊತ್ತು ನೋಡಿದ. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ.

"ಹೌದು," ಅಂದ. "ಬೀರ್ಯಾಂದೇ ಕಾಲು."

ಅಷ್ಟು ಹೇಳಿ ಎದ್ದು, ಮಾಮಾನ ಭುಜವನ್ನು ಒಮ್ಮೆ ಒತ್ತಿ, ಗಂಟು ಕಟ್ಟುವುದಿದೆ ಎಂದು ಹೊರಟುಹೋದ.

ಊರು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಚಹಾ ಆಯಿತು, ಮಂದಿ ಚದುರಿದರು. ಮಾಮಾ ಮಾತ್ರ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಮಂಕಾಗಿ ಕೂತಿದ್ದ.

"ಶಾಂತವ್ವ, ಮಲ್ಲ್ಯಾ ಹೌದಂದುಬಿಟ್ಟ."

"ಅದಕ್ಕೇ ಅಲ್ಲೇನು ಇಷ್ಟೆಲ್ಲಾ ಮಾಡಿದ್ದು?"

"ಅಂವ ಎಂದಾದ್ರೂ ಹೌದಂದಾಂವೇನು? ತಿರುಗಿ ಬರೂ ಮನಸಿದ್ದಾಂವ ಹಂಗ ಅಂತಿರ್ಲಿಲ್ಲವ್ವ. ಎಲ್ಲಾ ಮುಗಿಸಿ ಹೊಂಟಾನ ಅಂವ. ಅದಕ್ಕ ಅಂದಾನ."

ಒಬ್ಬ ಮನುಷ್ಯನ ಆಯುಷ್ಯದ ಆಸೆ ಈಡೇರಿಸಿ ಅವನನ್ನು ಹೀಗೆ ಕೂರಿಸಿದ ಸಾಧನೆ ನನ್ನದು.

ಮರುದಿನ, ಭಾನುವಾರ, ಮಲ್ಲಪ್ಪ ಹೋದ. ಆಮೇಲೆ ಮಾಮಾ ಸತ್ತ ಕಥೆ ಹೇಳುವುದನ್ನೇ ಬಿಟ್ಟ. ಯಾರಾದರೂ ಹೊಸಬರು ಕೇಳಿದರೆ, "ಹೌದು, ಅದೀನಿ ಅದರಾಗ," ಎಂದು ಸುಮ್ಮನಾಗುತ್ತಿದ್ದ. ಸುಳ್ಳು ಅನ್ನುವವರಿಲ್ಲದ ಮೇಲೆ ಖರೆ ಹೇಳುವುದಕ್ಕೆ ರುಚಿ ಎಲ್ಲಿಂದ ಬರಬೇಕು? ಊರಲ್ಲಿ ಹೀರೋ ಎಂದು ಕರೆಯುವವರೂ ಉಳಿಯಲಿಲ್ಲ. ಅತ್ತಿ ನನಗೆ ಫೋನು ಮಾಡಿ, "ಊಟಾ ಸೈತ ಬರೋಬರ್ ಮಾಡಂಗಿಲ್ಲ," ಎಂದು ಹೇಳಿದಳು. ಅದಕ್ಕೂ ಟೆಲಿಫೋನ್ ಆಫೀಸಿನಲ್ಲಿ ಏನಾದರೂ ಉಪಾಯವಿದ್ದೀತು ಎಂದು ಅವಳಿಗೆ ಅನ್ನಿಸಿರಬೇಕು.

ನೋಡಿಕೊಂಡು ಬರೋಣ ಎಂದು ಹೋದೆ. ಅಂಗಳದಲ್ಲಿ ಮಾಮಾ ಹೊರಸಿನ ಮೇಲೆ ಬಿದ್ದುಕೊಂಡಿದ್ದ, ಪಕ್ಕದಲ್ಲಿ ಮೊಬೈಲು. ಅದು ಹೊಡೆದುಕೊಂಡಿತು. ನಮ್ಮ ಕಡೆ ಫೋನನ್ನು ಕಿವಿಗೆ ಹಚ್ಚುವುದಿಲ್ಲ, ಸ್ಪೀಕರ್ ಹಾಕಿ ಓಣಿಗೆಲ್ಲ ಕೇಳಿಸುತ್ತಾರೆ.

"ಏ ಬೀರ್ಯಾ!" ಪುಣೆಯಿಂದ ಮಲ್ಲಪ್ಪನ ದನಿ ಅಂಗಳ ತುಂಬಿತು. "ಇಲ್ಲಿ ನಮ್ಮ ಸೈಟಿನಾಗ ಔರಾದದಾಂವ ಒಬ್ಬ ಸಿಕ್ಕಾನ. ಅವರಪ್ಪನೂ ಕುರಿ ಕಾಯಾಂವ. ಅವರಪ್ಪಂದೂ ಬೆರಳು ಹಂಗೇ ಸೊಟ್ಟ ಇತ್ತಂತ. ಆ ಪಿಚ್ಚರಿನಾಗಿನ ಕಾಲು ತಮ್ಮಪ್ಪಂದು ಅಂತಾನ ಅಂವ!"

ಮಾಮಾ ಹೊರಸಿನಿಂದ ಎದ್ದದ್ದನ್ನು ನೀವು ನೋಡಬೇಕಾಗಿತ್ತು. ಹೆಬ್ಬೆರಳಿಗೆ ಕಟ್ಟಿದ ಹಗ್ಗವನ್ನು ಟಗರು ಜಗ್ಗಿದ ಹಾಗೆ ಎದ್ದ.

"ಸುಳ್ಳ! ಶುದ್ಧ ಸುಳ್ಳ! ನೀನೇ ಹೌದಂದೀಯಲ್ಲೋ, ಇಡೀ ಊರ ಮುಂದ!"

"ಚೌಕಚೌಕ ಕಾಣಸ್ತಿತ್ತು, ಏನೋ ಅಂದೆ. ಹೋಗೂ ಮುಂದ ಜಗಳ್ಯಾಕ ಅಂತ ಅಂದೆ. ಇಲ್ಲಿ ಕುಂತ ವಿಚಾರ ಮಾಡಿದ್ರ ನನಗ ಸಂಶೇ ಬರ್ಲತ್ತದ. ನಾ ಬಂದ ಮ್ಯಾಲ ಇನ್ನೊಮ್ಮಿ ಕುಂತ ನೋಡೂನು."

"ಬಾ! ಬಂದ ನೋಡು! ಕಣ್ಣ ತೊಳಕೊಂಡ ಬಾ!"

ಫೋನಿಟ್ಟ ಮೇಲೆ ಮಾಮಾ ಎರಡು ರೊಟ್ಟಿ ಕೇಳಿ ಉಂಡ. ಬೈಯುತ್ತಲೇ ಉಂಡ. ಅವನ ಕಣ್ಣುಗಳು ಒದ್ದೆಯಾಗಿದ್ದವು, ಖಾರಕ್ಕೆ ಎಂದು ನಾವೆಲ್ಲ ಒಪ್ಪಿಕೊಂಡೆವು. ನಾನು ಹೊರಡುವಾಗ ಒಳಗೆ ಹೋಗಿ ಆ ಕಾರ್ಡು ತಂದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ಇದನ್ನ ಬೀದರಿಗಿ ಒಯ್ದು ಎಲ್ಲೆರ ಇಡವ್ವ. ಮಲ್ಲ್ಯಾ ಬಂದು ಕೇಳಿದ್ರ ಸಿಕ್ಕಿಲ್ಲ ಅನ್ನು, ಹುಡುಕ್ಲತ್ತೀನಿ ಅನ್ನು. ನೋಡಿದ್ರ ಮತ್ತ ಮುಗೀತದ."

ಅಂದಿನಿಂದ ನಾನು ಹುಡುಕುತ್ತಲೇ ಇದ್ದೇನೆ. ಮಲ್ಲಪ್ಪ ಕಾಕಾ ಪ್ರತಿ ವರ್ಷ ದೀಪಾವಳಿಗೆ ಬರುತ್ತಾನೆ. ಬೀದರಿನಲ್ಲಿ ಇಳಿದು, ಚಿದ್ರಿಗೆ ಬಂದು, ನನ್ನ ಚಹಾ ಕುಡಿದು, "ಸಿಕ್ತೇನು ತಂಗಿ?" ಎನ್ನುತ್ತಾನೆ. "ಇಲ್ಲ ಕಾಕಾ, ಎಲ್ಲಿಟ್ಟೇನೋ ಏನೋ," ಎನ್ನುತ್ತೇನೆ. "ಸಾವಕಾಶ ಹುಡುಕು, ಗಡಿಬಿಡಿ ಇಲ್ಲ," ಎಂದು ಲವಂಗದ ವಾಸನೆಯ ಕಪ್ಪು ಕೆಳಗಿಟ್ಟು, ಭಾತಂಬ್ರಾಕ್ಕೆ ಜಗಳವಾಡಲು ಹೋಗುತ್ತಾನೆ.

ಮೊನ್ನೆ ನನ್ನ ಕೈಯಲ್ಲಿ ಕಾರ್ಡು ನೋಡಿದ ಮಗಳು ನಕ್ಕಳು. "ಮಮ್ಮಿ, ಆ ಪಿಚ್ಚರ್ ಈಗ ಪೂರಾ ಕ್ಲೀನ್ ಮಾಡಿ ಹಾಕ್ಯಾರ. ಒಂದ ಚೌಕ ಇಲ್ಲ. ಹೆಣದ ಮ್ಯಾಗಿನ ನೊಣಾ ಸೈತ ಕಾಣಸ್ತಾವ. ಹಚ್ಚಲೇನು?"

"ಬ್ಯಾಡ," ಅಂದೆ. "ದೀಪಾವಳಿ ಹತ್ರ ಬಂತು."

ಅವಳಿಗೆ ಅರ್ಥವಾಗಲಿಲ್ಲ. ನಾನು ಯುದ್ಧವನ್ನು ಡಬ್ಬಿಯ ತಳಕ್ಕೆ ಹಾಕಿ, ಮೇಲೆ ಲವಂಗ ಸುರುವಿ, ಮುಚ್ಚಳ ಬಿಗಿ ಮಾಡಿದೆ.